ಪೆಲೆಟ್ ಗ್ರಿಲ್: ಹೊಗೆಯ ಲೆಕ್ಕ ಬೇರೆ, ಕಾವಿನ ಲೆಕ್ಕ ಬೇರೆ

ಮರವಂತೆಯನ್ನು ದಾಟಿ ಬೈಂದೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕಿರಿಮಂಜೇಶ್ವರವಿದೆ. ಕೊಡೇರಿಯ ಕಿರುಬಂದರು ಅಲ್ಲಿಗೆ ಸಮೀಪ. ಬೆಳಿಗ್ಗೆ ದೋಣಿಯಿಂದಿಳಿದ ಬಂಗುಡೆ, ಅಂಜಲ್ ಮಧ್ಯಾಹ್ನದ ಊಟಕ್ಕೆ ಮೊದಲೇ ಹೆದ್ದಾರಿ ಬದಿಯ ಅಡುಗೆಮನೆಯನ್ನು ಸೇರಬಲ್ಲ ಇಂತಹ ಊರುಗಳು ಕುಂದಾಪುರ ಮತ್ತು ಬೈಂದೂರು ತಾಲ್ಲೂಕುಗಳ ಕರಾವಳಿಯುದ್ದಕ್ಕೂ ಇವೆ. ಕಚ್ಚಾ ಸಾಮಗ್ರಿಯ ಈ ಅನುಕೂಲವನ್ನು ಹೆಚ್ಚಿನ ಬೆಲೆಯ ಖಾದ್ಯವಾಗಿ ಪರಿವರ್ತಿಸಬೇಕೆಂಬ ಆಸೆ ಮೀನೂಟದ ಹೋಟೆಲು, ರೆಸಾರ್ಟು ನಡೆಸುವವರಿಗೆ ಸಹಜವಾದುದು. ಆ ಆಸೆಗೆ ಮಾರುಕಟ್ಟೆ ಒದಗಿಸುವ ಯಂತ್ರಗಳಲ್ಲಿ ಪೆಲೆಟ್ ಗ್ರಿಲ್ ಒಂದು. ಮರದ ಹುಡಿಯನ್ನು ಒತ್ತಿ ತಯಾರಿಸಿದ, ಪೆನ್ಸಿಲಿನ ದಪ್ಪದ ಇಂಧನದ ತುಂಡುಗಳೇ ಪೆಲೆಟ್. ಅವುಗಳನ್ನು ತಾನಾಗಿಯೇ ಉರಿಸಿಕೊಂಡು, ಮೀನಿಗೆ ಹೊಗೆಯ ಪರಿಮಳವನ್ನೂ ಕೊಟ್ಟು ಹೊರಮೈಯನ್ನೂ ಕೆಂಪಗೆ ಹುರಿದು ಕೊಡುತ್ತದೆಂಬುದು ಈ ಯಂತ್ರದ ಬಗ್ಗೆ ಕೇಳಿಬರುವ ಭರವಸೆ.

ಯಂತ್ರವನ್ನು ಕೊಂಡ ಮೇಲೆ ಆಗುವ ಅನುಭವ ಸ್ವಲ್ಪ ಬೇರೆ. ಮೀನು ಬೇಯುತ್ತದೆ, ಆದರೆ ಹೊಗೆಯ ವಾಸನೆ ಇದೆಯೋ ಇಲ್ಲವೋ ಎಂಬಷ್ಟು ಮಂದ. ಹೊರಮೈ ಬಿಳಿಚಿಕೊಂಡೇ ಉಳಿಯುತ್ತದೆ. ಆಗ ಯಂತ್ರವನ್ನು ಮೇಲ್ದರ್ಜೆಗೇರಿಸುವ ಖರ್ಚು ಆರಂಭವಾಗುತ್ತದೆ. ಹೊಸ ಕಂಟ್ರೋಲರ್, ಹೊಸ ಜಾಲರಿ, ವಿದೇಶೀ ಪೆಲೆಟ್ ಎಂದು ಒಂದರ ಹಿಂದೆ ಒಂದು ಬಿಲ್ಲು ಬರುತ್ತದೆ. ಈ ಖರ್ಚುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂಬುದನ್ನು ನಿರ್ಧರಿಸಲು ಯಂತ್ರಶಾಸ್ತ್ರಕ್ಕಿಂತ ಮೊದಲು ವೆಚ್ಚಶಾಸ್ತ್ರದ ಒಂದು ಪಾಠ ನೆರವಿಗೆ ಬರುತ್ತದೆ.

ಅಕ್ಕಿ ಗಿರಣಿಯ ಮಾಲೀಕರಿಗೆ ಆ ಪಾಠ ಹೊಸತಲ್ಲ. ಭತ್ತವನ್ನು ಹಾಕಿದರೆ ಅಕ್ಕಿ, ತೌಡು, ಉಮಿ ಮೂರೂ ಒಟ್ಟಿಗೇ ಬರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲಾಗದು. ಇವುಗಳಿಗೆ ವೆಚ್ಚಶಾಸ್ತ್ರದಲ್ಲಿ ಜಂಟಿ ಉತ್ಪನ್ನಗಳೆಂದು ಹೆಸರು. ಪೆಲೆಟ್ ಗ್ರಿಲ್ಲಿನ ಬೆಂಕಿಯಿಂದಲೂ ಹಾಗೆಯೇ ಎರಡು ಉತ್ಪನ್ನಗಳು ಹೊರಬರುತ್ತವೆ: ಕಾವು ಮತ್ತು ಹೊಗೆ. ವ್ಯತ್ಯಾಸವಿಷ್ಟೇ. ಗಿರಣಿಯಲ್ಲಿ ಅಕ್ಕಿ ಹೆಚ್ಚಾದರೆ ತೌಡೂ ಹೆಚ್ಚುತ್ತದೆ. ಗ್ರಿಲ್ಲಿನಲ್ಲಿ ಕಾವು ಹೆಚ್ಚಿದಂತೆ ಹೊಗೆ ಕಡಿಮೆಯಾಗುತ್ತದೆ. ಒಂದೇ ಬೆಂಕಿಯಿಂದ ಎರಡನ್ನೂ ಪೂರ್ಣವಾಗಿ ಪಡೆಯಲು ಮಾಡುವ ಖರ್ಚೆಲ್ಲವೂ ಈ ವಿರೋಧದೊಡನೆ ಮಾಡುವ ಜಗಳ. ಎರಡನ್ನೂ ಬೇರ್ಪಡಿಸಲು ಮಾಡುವ ಖರ್ಚು ಮಾತ್ರ ಕೈಗೆ ಹತ್ತುತ್ತದೆ.

ಯಂತ್ರದ ಒಳಗೆ

ಪೆಲೆಟ್ ಉರಿಸುವ ಒಲೆಗಳು ಅಮೆರಿಕದ ವಾಯವ್ಯ ಭಾಗದಲ್ಲಿ 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಮನೆ ಬೆಚ್ಚಗಿಡಲು ಬಳಕೆಗೆ ಬಂದವು. ಸಾಮಿಲ್ಲುಗಳ ಮರದ ಹುಡಿಯೇ ಅವುಗಳ ಕಚ್ಚಾವಸ್ತು. ಒರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನ ಜೋ ಟ್ರೇಗರ್ 1980ರ ದಶಕದ ನಡುವಿನಲ್ಲಿ ಅದೇ ತತ್ತ್ವವನ್ನು ಅಡುಗೆಯ ಗ್ರಿಲ್ಲಿಗೆ ಅಳವಡಿಸಿ 1986ರಲ್ಲಿ ಪೇಟೆಂಟ್ ಪಡೆದರು. 2006ರಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲೆ ಇತರ ತಯಾರಕರೂ ಈ ಕ್ಷೇತ್ರವನ್ನು ಪ್ರವೇಶಿಸಿದರು.

ರಚನೆ ಸರಳ. ಪಕ್ಕದ ಹಾಪರಿನಿಂದ ಪೆಲೆಟ್‌ಗಳನ್ನು ಸ್ಕ್ರೂ ಕನ್ವೇಯರ್ ಒಂದು ಸಣ್ಣ ಉಕ್ಕಿನ ಬಟ್ಟಲಿಗೆ ತಳ್ಳುತ್ತದೆ. ವಿದ್ಯುತ್ ಕಡ್ಡಿಯೊಂದು ಕೆಲವು ನಿಮಿಷ ಕಾದು ಅವುಗಳಿಗೆ ಬೆಂಕಿ ಹಚ್ಚುತ್ತದೆ. ಬ್ಲೋವರ್ ಗಾಳಿಯೂದುತ್ತದೆ. ಬಟ್ಟಲಿನ ಮೇಲೆ ಜ್ವಾಲೆಯನ್ನು ಮರೆಮಾಡುವ ತಗಡು, ಅದರ ಮೇಲೆ ಕೊಬ್ಬು ಹರಿದುಹೋಗುವ ಇಳಿಜಾರಿನ ತಟ್ಟೆ, ಅದಕ್ಕೂ ಮೇಲೆ ಮೀನಿಡುವ ಜಾಲರಿ. ಉಷ್ಣತೆಯನ್ನು ಅಳೆಯುವ ಕಡ್ಡಿಯೊಂದು ಕಂಟ್ರೋಲರಿಗೆ ಸಂದೇಶ ಕೊಡುತ್ತದೆ. ಅದು ಸ್ಕ್ರೂವನ್ನು ಬೇಕಾದಷ್ಟು ಹೊತ್ತು ತಿರುಗಿಸುತ್ತದೆ. ಸಾಮಾನ್ಯ ಯಂತ್ರಗಳ ವ್ಯಾಪ್ತಿ ಸುಮಾರು 80ರಿಂದ 230 ಡಿಗ್ರಿ ಸೆಲ್ಸಿಯಸ್.

ಬ್ಲೋವರಿನಿಂದಾಗಿ ಪೆಲೆಟ್ ಬಹುಮಟ್ಟಿಗೆ ಪೂರ್ಣವಾಗಿ ಉರಿದುಹೋಗುತ್ತದೆ. ಪೂರ್ಣವಾಗಿ ಉರಿದ ಮರ ಹೊಗೆ ಕೊಡದು. ಮರದಲ್ಲಿನ ಲಿಗ್ನಿನ್ ಎಂಬ ಅಂಶ ಗಾಳಿಯ ಕೊರತೆಯಲ್ಲಿ ಕನಲುವಾಗ ಮಾತ್ರ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಪರಿಮಳದ ಸಂಯುಕ್ತಗಳು ಹೊರಬರುತ್ತವೆ. ಕಡಿಮೆ ಉಷ್ಣತೆಗೆ ಇಟ್ಟಾಗ ಬೆಂಕಿ ಆಗಾಗ ಕುಗ್ಗಿ ಕನಲುವುದರಿಂದ ಅಷ್ಟಿಷ್ಟು ಹೊಗೆ ಸಿಗುತ್ತದೆ. 200 ಡಿಗ್ರಿ ದಾಟಿದರೆ ಅದೂ ನಿಲ್ಲುತ್ತದೆ. ಇನ್ನು ಹೊರಮೈ ಕೆಂಪಗಾಗಬೇಕಾದರೆ ಅದು ಮೊದಲು ಒಣಗಿ 140 ಡಿಗ್ರಿಯನ್ನು ಮೀರಬೇಕು, ಅದೂ ಬೇಗನೆ ಮೀರಬೇಕು. ತಡವಾದರೆ ಅಷ್ಟರಲ್ಲಿ ಒಳಭಾಗ ಬೆಂದು ಬಿರುಸಾಗುತ್ತದೆ. ಬಿಸಿಗಾಳಿಯಿಂದ ಬೇಯಿಸುವ ಯಂತ್ರಕ್ಕೆ ಆ ವೇಗವಿಲ್ಲ. ಯಂತ್ರ ಕೆಟ್ಟಿದೆಯೆಂದು ದೂರುವವರು ಅದನ್ನು ಒಂದು ಒಳ್ಳೆಯ ಒಲೆಯಾಗಿ ನೋಡಿದರೆ ದೂರಿಗೆ ಅವಕಾಶವಿರದು.

ಅಮೆರಿಕದಿಂದ ತರಿಸಿದ ಯಂತ್ರವಾದರೆ ಇನ್ನೊಂದು ಸಂಗತಿಯಿದೆ. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜನ್ನು ಇಳಿಸಿದರೆ ಯಂತ್ರವೇನೋ ಓಡುತ್ತದೆ, ಆದರೆ ಟ್ರಾನ್ಸ್‌ಫಾರ್ಮರ್ ಹರ್ಟ್ಸನ್ನು ಬದಲಿಸದು. ಎಸಿ ಮೋಟಾರಿನ ವೇಗ ಅದನ್ನೇ ಅವಲಂಬಿಸಿರುವುದರಿಂದ ನಿಮಿಷಕ್ಕೆ 2 ಸುತ್ತು ತಿರುಗಬೇಕಾದ ಸ್ಕ್ರೂ ಸುಮಾರು 1.67 ಸುತ್ತು ಮಾತ್ರ ತಿರುಗುತ್ತದೆ. ಬೀಳುವ ಇಂಧನ ಶೇ. 17ರಷ್ಟು ಕಡಿಮೆ, ಗಾಳಿಯೂ ಕಡಿಮೆ. ಕಡಿಮೆ ಉಷ್ಣತೆಯಲ್ಲಿ ಕಂಟ್ರೋಲರ್ ಹೆಚ್ಚು ಹೊತ್ತು ತಿರುಗಿಸಿ ಈ ಕೊರತೆಯನ್ನು ಮುಚ್ಚಿಕೊಳ್ಳುತ್ತದೆ. ಗರಿಷ್ಠ ಉಷ್ಣತೆಯಲ್ಲಿ ಮುಚ್ಚಿಕೊಳ್ಳಲು ಸಮಯವೇ ಉಳಿದಿರುವುದಿಲ್ಲ. ಇಂತಹ ಯಂತ್ರಕ್ಕೆ ಹೊಸ ಕಂಟ್ರೋಲರ್ ಹಾಕಿ ಪ್ರಯೋಜನವಿಲ್ಲ. 230 ವೋಲ್ಟ್, 50 ಹರ್ಟ್ಸಿಗೆ ತಕ್ಕ ಗೇರ್ ಮೋಟಾರನ್ನು ಅಳವಡಿಸುವುದೇ ಪರಿಹಾರ.

ಹೊಗೆಗೆ ಪ್ರತ್ಯೇಕ ಏರ್ಪಾಡು

ಹೊಗೆಯನ್ನು ಕಾವಿನಿಂದ ಬೇರ್ಪಡಿಸುವ ಸಾಧನ ಅತ್ಯಂತ ಅಗ್ಗದ್ದು: ಮೈಯೆಲ್ಲ ತೂತುಗಳಿರುವ, ಸುಮಾರು 30 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ. ಅದರಲ್ಲಿ ಪೆಲೆಟ್ ತುಂಬಿ ಒಂದು ತುದಿಗೆ ಬೆಂಕಿ ಹಚ್ಚಿ, ಜ್ವಾಲೆ ಚೆನ್ನಾಗಿ ಹಿಡಿದ ಮೇಲೆ ಊದಿ ಆರಿಸಿದರೆ ಅಗರಬತ್ತಿಯಂತೆ ಕನಲುತ್ತಾ ನಾಲ್ಕು ಗಂಟೆಗಳಷ್ಟು ಕಾಲ ಹೊಗೆ ಕೊಡುತ್ತದೆ. ಗ್ರಿಲ್ಲಿನ ಉಷ್ಣತೆ ಎಷ್ಟೇ ಇರಲಿ, ಕೊಳವೆಯ ಹೊಗೆ ಅದರ ಪಾಡಿಗೆ ಬರುತ್ತಿರುತ್ತದೆ. ಸ್ಟೀಲ್ ಫ್ಯಾಬ್ರಿಕೇಶನ್ ನಡೆಸುವ ಯಾವುದೇ ಸಣ್ಣ ಘಟಕ ಇದನ್ನು ಅರ್ಧ ದಿನದಲ್ಲಿ ಮಾಡಿಕೊಡಬಲ್ಲದು. ಉಪ್ಪುಗಾಳಿಯ ಊರಾದ್ದರಿಂದ ತಗಡು 304 ದರ್ಜೆಯದ್ದೇ ಇರಲಿ. ಅದಕ್ಕಿಂತ ಅಗ್ಗದ 430 ಕಡಲ ಬದಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಕೊಳವೆಗೆ ಮೊದಲು ಮುಚ್ಚಳದ ಸುತ್ತ ಶಾಖ ತಾಳುವ ಗ್ಯಾಸ್ಕೆಟ್ ಪಟ್ಟಿ ಹಾಕಿಸಿ, ಬಿಗಿಯಾದ ಕೊಂಡಿ ಇಡಿಸಬೇಕು. ಸಂದಿಯಿಂದ ಹೊಗೆಯೂ ಕಾವೂ ಸೋರುತ್ತಿರುವಾಗ ಬೇರೆ ಯಾವ ಖರ್ಚೂ ಫಲ ಕೊಡದು. ಹೊಗೆ ಹೊರಹೋಗುವ ಕೊಳವೆಯನ್ನು ಮಾತ್ರ ಮುಚ್ಚಬಾರದು. ನಿಂತ ಹೊಗೆ ಕಹಿ. ತೆಳುವಾಗಿ, ನೀಲಿ ಛಾಯೆಯಲ್ಲಿ ಹರಿದುಹೋಗುವ ಹೊಗೆ ಒಳ್ಳೆಯದು.

ಮೀನನ್ನು ಸಿದ್ಧಪಡಿಸುವ ಕ್ರಮಕ್ಕೆ ಯಾವ ಬಂಡವಾಳವೂ ಬೇಡ, ಆದರೆ ಪರಿಣಾಮ ದೊಡ್ಡದು. ಲೀಟರ್ ನೀರಿಗೆ 70-80 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಮೀನನ್ನು ನೆನೆಸಿ, ತೆಗೆದು, ಫ್ಯಾನಿನ ಗಾಳಿಗೆ ಹಿಡಿದರೆ ಮೇಲ್ಮೈ ಮೇಲೆ ಅಂಟಂಟಾದ ತೆಳುಪೊರೆಯೊಂದು ಕಟ್ಟುತ್ತದೆ. ಹೊಗೆ ಹತ್ತುವುದು ಆ ಪೊರೆಗೆ. ನೀರು ತೊಟ್ಟಿಕ್ಕುವ ಮೀನನ್ನು ನೇರವಾಗಿ ಗ್ರಿಲ್ಲಿಗಿಟ್ಟರೆ ಎಷ್ಟು ಬೆಲೆಯ ಪೆಲೆಟ್ ಉರಿಸಿದರೂ ಅಷ್ಟೇ.

ಯಾವ ಇಂಧನ?

ಈ ಕರಾವಳಿಯಲ್ಲಿ ಉರಿಯುವ ವಸ್ತುವಿಗೆ ಬರವಿಲ್ಲ. ಗೇರುಬೀಜ ಕಾರ್ಖಾನೆಗಳ ಸಿಪ್ಪೆ, ಕುಚ್ಚಲಕ್ಕಿ ಗಿರಣಿಗಳ ಉಮಿ, ಪ್ಲೈವುಡ್ ಕೆಲಸದ ಹುಡಿ, ತೆಂಗಿನ ಗೆರಟೆ ಎಲ್ಲವೂ ಕೈಗೆ ಸಿಗುತ್ತವೆ. ಬಾಯ್ಲರಿಗೆ ಒಗ್ಗಿದ್ದೆಲ್ಲ ಗ್ರಿಲ್ಲಿಗೂ ಒಗ್ಗುತ್ತದೆಂಬ ತರ್ಕ ಇಲ್ಲಿ ಅಪಾಯಕಾರಿ. ಬಾಯ್ಲರಿನ ಹೊಗೆ ಚಿಮಣಿಗೆ ಹೋಗುತ್ತದೆ. ಗ್ರಿಲ್ಲಿನ ಹೊಗೆ ಗ್ರಾಹಕನ ತಟ್ಟೆಗೆ ಬರುತ್ತದೆ.

ಗೇರು ಸಿಪ್ಪೆಯಲ್ಲಿರುವ ಎಣ್ಣೆ ಮುಖ್ಯವಾಗಿ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್‌ಗಳಿಂದ ಕೂಡಿದ್ದು, ಚರ್ಮವನ್ನು ಸುಡುವಂತಹುದು. ಗೇರುಬೀಜ ಸುಲಿಯುವ ಹೆಂಗಸರು ಕೈಗೆ ಎಣ್ಣೆ ಸವರಿಕೊಳ್ಳುವುದು ಇದೇ ಕಾರಣಕ್ಕೆ. ಅದರ ಹೊಗೆಯೂ ಕಣ್ಣು, ಗಂಟಲುಗಳನ್ನು ಕೆರಳಿಸುವಂತಹುದು. ಎಣ್ಣೆ ತೆಗೆದ ಹಿಂಡಿಯಲ್ಲಿಯೂ ಒಂದಿಷ್ಟು ಎಣ್ಣೆ ಉಳಿದಿರುತ್ತದೆ. ಅದನ್ನು ಬೆರೆಸಿದ ಪೆಲೆಟ್ ಎಷ್ಟೇ ಚೆನ್ನಾಗಿ ಉರಿಯಲಿ, ಆಹಾರಕ್ಕೆ ಸಲ್ಲದು. ಪ್ಲೈವುಡ್ಡಿನ ಹುಡಿಯಲ್ಲಿ ಫಾರ್ಮಾಲ್ಡಿಹೈಡ್ ಅಂಟಿರುತ್ತದೆ. ಹಳೆಯ ಮರಮುಟ್ಟಿನ ಹುಡಿಯಲ್ಲಿ ಬಣ್ಣ, ಗೆದ್ದಲಿನ ಔಷಧಿ ಇರುತ್ತವೆ. ಭತ್ತದ ಉಮಿಯಲ್ಲಿ ವಿಷವಿಲ್ಲ, ಆದರೆ ಬೂದಿ ಶೇ. 15ರಿಂದ 20. ಯುರೋಪಿನ ಉತ್ತಮ ದರ್ಜೆಯ ಮರದ ಪೆಲೆಟ್‌ಗೆ ಬೂದಿಯ ಮಿತಿ ಶೇ. 0.7 ಎಂಬುದನ್ನು ಇದರೊಡನೆ ಹೋಲಿಸಿದರೆ ಉಮಿಯ ಪೆಲೆಟ್ ಬೆಂಕಿಯ ಬಟ್ಟಲನ್ನು ಎಷ್ಟು ಬೇಗ ತುಂಬಿ ಉಸಿರುಗಟ್ಟಿಸುತ್ತದೆಂಬುದು ಅರ್ಥವಾಗುತ್ತದೆ. ಉದ್ಯಮಗಳ ಬಾಯ್ಲರಿಗೆಂದು ಮಾರುವ ಪೆಲೆಟ್ಟಿನಲ್ಲಿ ಏನೇನು ಬೆರೆತಿದೆಯೆಂದು ಚೀಲದ ಮೇಲೆ ಬರೆದಿರುವುದಿಲ್ಲ. ಬರೆಯುವ ಅಗತ್ಯವೂ ಆ ಮಾರಾಟಗಾರನಿಗಿಲ್ಲ. ಉಳಿಯುವ ದಾರಿಯೆಂದರೆ ಗಾಳಿ, ಅಕೇಶಿಯಾದಂತಹ ಗಟ್ಟಿ ಮರದ ಹಸಿ ದಿಮ್ಮಿಗಳನ್ನಷ್ಟೇ ಕೊಯ್ಯುವ, ಪರಿಚಯವಿರುವ ಸಾಮಿಲ್ಲಿನ ಹುಡಿಯಿಂದ ಪೆಲೆಟ್ ಮಾಡಿಸಿಕೊಳ್ಳುವುದು, ಅಥವಾ ಅಡುಗೆಗೆಂದೇ ತಯಾರಾದ ದುಬಾರಿ ಪೆಲೆಟ್ ಕೊಳ್ಳುವುದು.

ದರದ ಪ್ರಶ್ನೆ ಬರುವುದು ಇಲ್ಲಿಯೇ. ಕಿಲೋ ಲೆಕ್ಕದಲ್ಲಿ ಇಂಧನಗಳನ್ನು ಹೋಲಿಸುವುದು ತಪ್ಪು. ಹೋಲಿಸಬೇಕಾದುದು ಕಾವಿನ ಲೆಕ್ಕದಲ್ಲಿ. ಮರದ ಪೆಲೆಟ್ ಕಿಲೋಗೆ ಸುಮಾರು 4,200 ಕಿಲೋಕ್ಯಾಲರಿ, ಅಡುಗೆ ಅನಿಲ ಸುಮಾರು 11,000 ಕೊಡುತ್ತವೆ. ದರಗಳು ಬದಲಾಗುತ್ತಿರುವುದರಿಂದ ಉದಾಹರಣೆಗಾಗಿ ಸ್ಥಳೀಯ ಪೆಲೆಟ್ 40 ರೂಪಾಯಿ, ಅನಿಲ 100 ರೂಪಾಯಿ, ಅಡುಗೆಯ ದುಬಾರಿ ಪೆಲೆಟ್ 150 ರೂಪಾಯಿ ಎಂದು ಹಿಡಿಯಬಹುದು. ಆಗ ಸಾವಿರ ಕಿಲೋಕ್ಯಾಲರಿಗೆ ಬೀಳುವ ವೆಚ್ಚ ಕ್ರಮವಾಗಿ 9.52, 9.09 ಮತ್ತು 35.71 ರೂಪಾಯಿ. ಎಂದರೆ ಸ್ಥಳೀಯ ಪೆಲೆಟ್ಟಿಗೂ ಅನಿಲಕ್ಕೂ ಹೆಚ್ಚಿನ ಅಂತರವಿಲ್ಲ. ದುಬಾರಿ ಪೆಲೆಟ್ಟನ್ನು ಕಾವಿಗಾಗಿ ಉರಿಸುವುದು ಮಾತ್ರ ನಾಲ್ಕು ಪಟ್ಟು ನಷ್ಟ. ನಾಲ್ಕು ಗಂಟೆ ಗ್ರಿಲ್ಲನ್ನು ದುಬಾರಿ ಪೆಲೆಟ್ಟಿನಿಂದಲೇ ನಡೆಸಿದರೆ, ಗಂಟೆಗೆ 600 ಗ್ರಾಂ ಲೆಕ್ಕದಲ್ಲಿ 360 ರೂಪಾಯಿ. ಗ್ರಿಲ್ಲಿಗೆ ಶುದ್ಧವಾದ ಸ್ಥಳೀಯ ಪೆಲೆಟ್, ಕೊಳವೆಗೆ ಮಾತ್ರ 300 ಗ್ರಾಂ ದುಬಾರಿ ಪೆಲೆಟ್ ಎಂದಾದರೆ 96 ಮತ್ತು 45 ಸೇರಿ 141 ರೂಪಾಯಿ. ಪರಿಮಳ ಮೊದಲನೆಯದಕ್ಕಿಂತ ಹೆಚ್ಚು.

ಕಾವಲಿಯ ಪಾಠ

ಹೊರಮೈ ಹುರಿಯುವ ಸಮಸ್ಯೆಗೆ ಉತ್ತರ ಉಡುಪಿ ಹೋಟೆಲುಗಳ ದೋಸೆ ಕಾವಲಿಯಲ್ಲಿಯೇ ಇದೆ. ಆ ಕಾವಲಿ ಅಷ್ಟು ದಪ್ಪವಿರುವುದು ತಣ್ಣಗಿನ ಹಿಟ್ಟು ಬಿದ್ದಾಗ ಅದರ ಕಾವು ಕುಸಿಯಬಾರದೆಂದು. ಮೀನಿಗೂ ಅದೇ ಸೂತ್ರ.

ಅಂಕಿಗಳಲ್ಲಿ ಹೇಳುವುದಾದರೆ, ಒಂದು ಕಿಲೋ ಬೀಡಿನ ಉಷ್ಣತೆ ಒಂದು ಡಿಗ್ರಿ ಇಳಿದಾಗ ಅದು ಸುಮಾರು 0.46 ಕಿಲೋಜೂಲ್ ಕಾವನ್ನು ಬಿಟ್ಟುಕೊಡುತ್ತದೆ. 8 ಕಿಲೋ ತೂಕದ ಬೀಡಿನ ಕಾವಲಿ 250ರಿಂದ 200 ಡಿಗ್ರಿಗೆ ಇಳಿದರೆ ಸಿಗುವುದು 184 ಕಿಲೋಜೂಲ್. ಅಂಜಲಿನ ಒಂದು ತುಂಡಿನ ಹೊರಮೈ ಒಣಗಿ ಕೆಂಪಗಾಗಲು 10 ಗ್ರಾಂ ನೀರು ಆವಿಯಾಗಬೇಕೆಂದಾದರೆ ಅದಕ್ಕೆ ಸುಮಾರು 22.6 ಕಿಲೋಜೂಲ್ ಬೇಕು. ಎಂಟು ತುಂಡುಗಳಿಗೆ 180. ಕಾವಲಿ ತನ್ನ ಸಂಗ್ರಹದಿಂದಲೇ ಅಷ್ಟನ್ನೂ ಕೊಟ್ಟು, ಆಗಲೂ 200 ಡಿಗ್ರಿಯಲ್ಲಿ ನಿಂತಿರುತ್ತದೆ. ಗ್ರಿಲ್ಲಿನೊಡನೆ ಬರುವ ತೆಳು ಸರಿಗೆಯ ಜಾಲರಿ ಒಂದೂವರೆ ಕಿಲೋ ಇದ್ದರೆ ಅದೇ ಇಳಿತಕ್ಕೆ ಅದು ಕೊಡುವುದು 37 ಕಿಲೋಜೂಲ್ ಮಾತ್ರ: ಎರಡು ತುಂಡಿಗೂ ಸಾಲದು. ಹೊರಮೈ ಬಿಳಿಚಿಕೊಳ್ಳುವುದರ ರಹಸ್ಯ ಇಷ್ಟೇ.

ಹಾಗಾದರೆ ಕಾವಲಿಯನ್ನು ಗ್ರಿಲ್ಲಿನ ಒಳಗೇ ಇಟ್ಟರಾಗದೇ? ಆಗುತ್ತದೆ, ಮನೆಯ ಬಳಕೆಗೆ. ಹೋಟೆಲಿನಲ್ಲಿ ಆರು ನಿಮಿಷಕ್ಕೊಂದು ಸುತ್ತು ಮೀನು ಬೀಳುವಾಗ ಕಾವಲಿ ಆರು ನಿಮಿಷದೊಳಗೆ ಆ 180 ಕಿಲೋಜೂಲನ್ನು ಮರಳಿ ಪಡೆಯಬೇಕು, ಅಂದರೆ ಅರ್ಧ ಕಿಲೋವ್ಯಾಟ್ ಕಾವು ನೇರವಾಗಿ ಕಾವಲಿಗೇ ತಲುಪಬೇಕು. ಮರೆತಗಡು, ತಟ್ಟೆಗಳ ಹಿಂದಿನಿಂದ ಬರುವ ಬಿಸಿಗಾಳಿಗೆ ಅದು ಕಷ್ಟ. ಅನಿಲದ ಬರ್ನರಿಗೆ ಸುಲಭ. ಮೇಲಾಗಿ ಒಳಗೆ 250 ಡಿಗ್ರಿ ಇಟ್ಟರೆ ಹೊಗೆಯಾಡಿಸುವ ಕೆಲಸ ನಿಲ್ಲುತ್ತದೆ. ಮರೆತಗಡಿಗೆ ಜಾರುಬಾಗಿಲು ಕೊರೆಸಿ ಜ್ವಾಲೆಯನ್ನು ನೇರವಾಗಿ ಮೀನಿಗೆ ತಾಗಿಸುವ ಮಾರ್ಪಾಡೂ ಇದೆ. ಅದರಲ್ಲಿ ಕೊಬ್ಬು ಬೆಂಕಿಗೆ ಬಿದ್ದು, ಆ ಮಸಿಹೊಗೆಯೊಡನೆ ಬೆಂಜೊಪೈರೀನ್‌ನಂತಹ ಕ್ಯಾನ್ಸರ್‌ಕಾರಕ ವಸ್ತುಗಳು ಮೀನಿಗೆ ಹತ್ತುತ್ತವೆ. ಹೊಗೆಯಾಡಿಸಿದ ಮೀನಿನಲ್ಲಿ ಇದರ ಮಿತಿಯನ್ನು ಐರೋಪ್ಯ ಒಕ್ಕೂಟ 2014ರಲ್ಲಿ ಕಿಲೋಗೆ 5 ಮೈಕ್ರೋಗ್ರಾಮಿನಿಂದ 2ಕ್ಕೆ ಇಳಿಸಿತು. ರಫ್ತಿನ ಯೋಚನೆಯುಳ್ಳವರು ಜಾರುಬಾಗಿಲಿನ ಸಹವಾಸಕ್ಕೆ ಹೋಗದಿರುವುದು ಲೇಸು.

ಆದ್ದರಿಂದ ಕ್ರಮ ಹೀಗೆ: ಗ್ರಿಲ್ಲಿನಲ್ಲಿ 80-90 ಡಿಗ್ರಿಯಲ್ಲಿ ಹೊಗೆಯಾಡಿಸಿ ಬೇಯಿಸುವುದು, ಗ್ರಾಹಕ ಬಂದಾಗ ಪಕ್ಕದ ಅನಿಲದ ಒಲೆಯ ಮೇಲಿನ ಬೀಡಿನ ಕಾವಲಿಯಲ್ಲಿ ಎರಡೂ ಮಗ್ಗುಲನ್ನು ಕೆಂಪಗೆ ಹುರಿದು ಕೊಡುವುದು. ನಡುವಿನ ಅವಧಿಯಲ್ಲಿ ಮೀನು 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ ಬೇಗನೆ ತಣಿಸಿ 5 ಡಿಗ್ರಿಗಿಂತ ಕೆಳಗಿಡಬೇಕು. ಕೌಂಟರಿನ ಮೇಲೆ ಉಗುರುಬೆಚ್ಚಗೆ ಕಾಯಿಸಿಡುವ ಪದ್ಧತಿ ಎಂದಿಗೂ ಕೂಡದು.

ಖರ್ಚು ಮರಳುವ ಬಗೆ

ಒಂದು ಮಾದರಿ ಹೋಟೆಲಿನ ಲೆಕ್ಕವನ್ನು ನೋಡಬಹುದು. ಅಂಕಿಗಳು ಕೇವಲ ಉದಾಹರಣೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕೊಟೇಶನ್ ಇಟ್ಟುಕೊಂಡು ಇದೇ ಚೌಕಟ್ಟಿನಲ್ಲಿ ತುಂಬಿಕೊಳ್ಳಬೇಕು. ಗ್ಯಾಸ್ಕೆಟ್ ಮತ್ತು ಕೊಂಡಿಗೆ 3,000, ಹೊಗೆಯ ಕೊಳವೆಗೆ 2,000, ಗೇರ್ ಮೋಟಾರಿಗೆ 5,000, ಬೀಡಿನ ಕಾವಲಿಗೆ 8,000, ಪಕ್ಕದ ಅನಿಲದ ಒಲೆ ಹಾಗೂ ಪೈಪಿಗೆ 19,000, ಸಣ್ಣ ಇನ್ವರ್ಟರಿಗೆ 8,000, ಒಟ್ಟು 45,000 ರೂಪಾಯಿ. ಹಿಂದೆ ಎಂಟು ತುಂಡುಗಳ ಒಂದು ಸುತ್ತಿಗೆ 14 ನಿಮಿಷ ಬೇಕಿತ್ತು, ಈಗ ಕಾವಲಿಯಲ್ಲಿ 6 ನಿಮಿಷ ಸಾಕು. ಸಂಜೆಯ ಎರಡು ಗಂಟೆಗಳ ಜನಸಂದಣಿಯಲ್ಲಿ ಎಂಟು ಸುತ್ತಿನ ಬದಲು ಇಪ್ಪತ್ತು ಸುತ್ತು, ಅಂದರೆ ಎರಡೂವರೆ ಪಟ್ಟು.

ಯಂತ್ರ ಮಾರುವವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಆದರೆ ಸಾಮರ್ಥ್ಯ ಹೆಚ್ಚಿದ ಮಾತ್ರಕ್ಕೆ ಮಾರಾಟ ಹೆಚ್ಚದು. ಎಣಿಸಬೇಕಾದುದು ಕಾಯಲಾರದೆ ಎದ್ದುಹೋಗುತ್ತಿದ್ದ ಗ್ರಾಹಕರನ್ನು ಮಾತ್ರ. ಒಂದು ತಿಂಗಳ ಕಾಲ ಕ್ಯಾಷ್ ಕೌಂಟರಿನಲ್ಲಿ ಒಂದು ನೋಟ್ ಪುಸ್ತಕ ಇಟ್ಟು ಅದನ್ನು ಬರೆದಿಟ್ಟರೆ ಸಾಕು. ದಿನಕ್ಕೆ ಆರು ತಟ್ಟೆ ಹೀಗೆ ತಪ್ಪುತ್ತಿದ್ದು, ತಟ್ಟೆಯೊಂದಕ್ಕೆ ಮೀನು, ಮಸಾಲೆ, ಇಂಧನ, ಮಂಜುಗಡ್ಡೆ ಕಳೆದು 100 ರೂಪಾಯಿ ಉಳಿಯುವುದಾದರೆ ದಿನಕ್ಕೆ 600. 75 ದಿನಗಳಲ್ಲಿ ಹಾಕಿದ ಹಣ ಮರಳುತ್ತದೆ. ತಪ್ಪುತ್ತಿದ್ದುದು ದಿನಕ್ಕೆ ಒಂದೇ ತಟ್ಟೆಯಾದರೆ 450 ವ್ಯಾಪಾರದ ದಿನಗಳು ಬೇಕು. ವರ್ಷಕ್ಕೆ 365 ದಿನವೆಂದು ಹಿಡಿಯುವುದೂ ಸರಿಯಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ನಾಡದೋಣಿಗಳ ಮೀನಿಗೆ ದರ ಏರಿರುತ್ತದೆ; ಆ ದಿನಗಳಲ್ಲಿ ತಟ್ಟೆಗೆ 100 ರೂಪಾಯಿ ಉಳಿಯುವುದು ಅನುಮಾನ. 270 ದಿನಗಳ ಲೆಕ್ಕವೇ ಎಚ್ಚರದ ಲೆಕ್ಕ.

ಇದೇ ಅಳತೆಗೋಲಿನಿಂದ ದುಬಾರಿ ಕಂಟ್ರೋಲರನ್ನೂ ಅಳೆಯಬಹುದು. 18,000 ರೂಪಾಯಿಯ ಕಂಟ್ರೋಲರ್ ಗಂಟೆಗೆ 100 ಗ್ರಾಂ ಪೆಲೆಟ್ ಉಳಿಸುತ್ತದೆಂದೇ ನಂಬಿದರೂ ದಿನಕ್ಕೆ ಐದು ಗಂಟೆಯಂತೆ 270 ದಿನಗಳಲ್ಲಿ 135 ಕಿಲೋ, 5,400 ರೂಪಾಯಿ. ಹಣ ಮರಳಲು ಮೂರು ವರ್ಷ ನಾಲ್ಕು ತಿಂಗಳು. ಉಪ್ಪುಗಾಳಿಯಲ್ಲಿ ಆ ಸರ್ಕ್ಯೂಟ್ ಅಷ್ಟು ಕಾಲ ಬಾಳುತ್ತದೆಯೇ ಎಂಬುದನ್ನು ಕೊಳ್ಳುವವರು ಮಾರುವವರಿಂದ ಲಿಖಿತ ಖಾತರಿಯ ರೂಪದಲ್ಲಿ ಕೇಳಬೇಕು.

ತೆರಿಗೆಯ ಕಡೆಯಿಂದಲೂ ಒಂದೆರಡು ಅಂಶಗಳಿವೆ. 2017ರ ನವೆಂಬರಿನಿಂದ ಶೇ. 5ರ ಜಿಎಸ್‌ಟಿ ದರಕ್ಕೆ ಒಳಪಟ್ಟ ಹೋಟೆಲುಗಳಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಮೇಲಿನ 45,000ದಲ್ಲಿ ಶೇ. 18ರಂತೆ ತೆರಿಗೆ ಸೇರಿದೆಯೆಂದಾದರೆ 6,864 ರೂಪಾಯಿ ಹೋಟೆಲಿನ ಪಾಲಿಗೆ ವೆಚ್ಚವೇ. ಸಾಮಾನ್ಯ ಕ್ರಮದಲ್ಲಿ ತೆರಿಗೆ ಕಟ್ಟುವ ತಯಾರಿಕಾ ಘಟಕಕ್ಕೆ ಅದೇ ಮಾರ್ಪಾಡು 38,136ಕ್ಕೆ ಆಗುತ್ತದೆ. ಹೋಟೆಲಿನವರು ತೆರಿಗೆ ರಹಿತ ದರಗಳನ್ನು ಹೋಲಿಸಿ ನಿರ್ಧರಿಸುವುದು ಸರಿಯಲ್ಲ. ಸವೆದ ಗ್ಯಾಸ್ಕೆಟ್ ಬದಲಿಸಿದ್ದು ದುರಸ್ತಿ, ಅದೇ ವರ್ಷದ ಖರ್ಚು. ಹೊಸ ಒಲೆ, ಕಾವಲಿ, ಇನ್ವರ್ಟರ್‌ಗಳು ಆಸ್ತಿ, ಅವುಗಳಿಗೆ ಶೇ. 15ರ ಸವಕಳಿ, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಫ್ಯಾಬ್ರಿಕೇಟರಿಗೆ ಒಂದು ದಿನದಲ್ಲಿ 10,000 ರೂಪಾಯಿಗೂ ಮೇಲ್ಪಟ್ಟು ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರದು, ಸವಕಳಿಯೂ ಸಿಗದು. ಕಬ್ಬಿಣದ ಕೆಲಸದ ಹಣ ಕೈಯಿಂದ ಕೈಗೆ ಹೋಗುವ ರೂಢಿಯಿರುವಲ್ಲಿ ಇದು ಗಮನಿಸಲೇಬೇಕಾದ ವಿಷಯ.

ಪೊಟ್ಟಣದ ಆಸೆ

ಗ್ರಿಲ್ ಚೆನ್ನಾಗಿ ನಡೆಯತೊಡಗಿದ ಮೇಲೆ ಹೊಗೆಯಾಡಿಸಿದ ಮೀನನ್ನು ವ್ಯಾಕ್ಯೂಮ್ ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸಬಾರದೇಕೆ ಎಂಬ ಯೋಚನೆ ಬಂದೇ ಬರುತ್ತದೆ. ಹೊಗೆ ಹಾಕಿದರೆ ಮೀನು ಕೆಡದೆಂಬ ನಂಬಿಕೆ ಇದರ ಹಿಂದಿದೆ. ಲಕ್ಷದ್ವೀಪದ ಮಾಸ್‌ಮೀನ್ ತಿಂಗಳುಗಟ್ಟಲೆ ಕೆಡದಿರುವುದು ನಿಜ. ಆದರೆ ಅದು ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿನಲ್ಲಿ ಮರದ ತುಂಡಿನಂತೆ ಗಟ್ಟಿಯಾಗುವವರೆಗೆ ಒಣಗಿಸಿದ ಪದಾರ್ಥ. ಅದನ್ನು ಕಾಪಾಡುವುದು ಮುಖ್ಯವಾಗಿ ಒಣಗಿದ ಗುಣ. ಹೋಟೆಲಿನ ಗ್ರಿಲ್ಲಿನಿಂದ ಬರುವ ಮೀನು ರಸಭರಿತ. ಗಾಳಿಯಿಲ್ಲದ ಪೊಟ್ಟಣದಲ್ಲಿ ಬಾಟ್ಯುಲಿನಮ್ ಎಂಬ ಸೂಕ್ಷ್ಮಾಣು ಅಂತಹ ಮೀನಿನ ಮೇಲೆ 4 ಡಿಗ್ರಿಯ ಫ್ರಿಜ್ಜಿನಲ್ಲಿಯೂ ಬೆಳೆದು, ವಾಸನೆ, ಬಣ್ಣಗಳಲ್ಲಿ ಯಾವ ಸುಳಿವನ್ನೂ ಕೊಡದೆ ಪ್ರಾಣಾಂತಿಕ ವಿಷವನ್ನು ಉಂಟುಮಾಡಬಲ್ಲದು. ಬಿಸಿ ಹೊಗೆಯ ಮೀನಿನ ಒಳಭಾಗದಲ್ಲಿ ಸುಮಾರು 63 ಡಿಗ್ರಿ ಉಷ್ಣತೆ ಕನಿಷ್ಠ 30 ನಿಮಿಷ ನಿಲ್ಲಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾರ್ಗಸೂಚಿ ಹೇಳುತ್ತದೆ. ಉಪ್ಪಿನ ಪ್ರಮಾಣ ಮತ್ತು 3 ಡಿಗ್ರಿಗಿಂತ ಕೆಳಗಿನ ಶೀತಲ ಸರಪಳಿ ಅದರ ಜೊತೆಗೇ ಇರಬೇಕಾದವು. ಬಂಗುಡೆ, ಟ್ಯೂನಾಗಳನ್ನು ದೋಣಿಯಲ್ಲಿಯೇ ಮಂಜುಗಡ್ಡೆಯಲ್ಲಿಡದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಕೂಡಿಕೊಳ್ಳುತ್ತದೆ, ಅದು ಬೇಯಿಸಿದರೂ ಹೋಗದು, ಹೊಗೆಯಿಂದಲೂ ಹೋಗದು. ಪ್ರಯೋಗಾಲಯದ ಪರೀಕ್ಷೆ ಮತ್ತು ಶೀತಲ ವಾಹನದ ಖರ್ಚು ಭರಿಸಲಾಗದವರು ಹೊಗೆಯ ಮೀನನ್ನು ತಟ್ಟೆಯಲ್ಲಿಯೇ ಮಾರಬೇಕು.

ಪೊಟ್ಟಣಕ್ಕೆ ಒಗ್ಗುವ ಸರಕು ಇದೇ ಊರುಗಳಲ್ಲಿ ಬೇರೆಯೇ ಇದೆ. ಗೇರುಬೀಜದ ತಿರುಳಿನ ತೇವಾಂಶ ಶೇ. 5ರ ಒಳಗಿರುತ್ತದೆ, ಅಷ್ಟು ಒಣಗಿದ ಪದಾರ್ಥದಲ್ಲಿ ಮೀನಿನ ಅಪಾಯಗಳಿಲ್ಲ. ಉಪ್ಪು ಸವರಿದ ತಿರುಳನ್ನು ಜಾಲರಿಯ ತಟ್ಟೆಯಲ್ಲಿ ಹರಡಿ, ಗ್ರಿಲ್ಲಿನ ಕಡಿಮೆ ಕಾವಿನಲ್ಲಿ ಕೊಳವೆಯ ಹೊಗೆಗೆ ಒಡ್ಡಿ, ತಣಿದ ಮೇಲೆ ಗಾಳಿಯಾಡದಂತೆ ಕಟ್ಟಿದರೆ ಸಾದಾ ತಿರುಳಿಗಿಂತ ಮೇಲಿನ ದರಕ್ಕೆ ಅವಕಾಶವಿದೆ. ತುಂಡು ಬೀಜದ ದರ್ಜೆಗಳಿಗೂ ಇದರಿಂದ ಬೆಲೆ ಬರಬಹುದು. ಹಗಲು ಹೊತ್ತು ಸುಮ್ಮನೆ ನಿಂತಿರುವ ಗ್ರಿಲ್ಲಿಗೆ ಅದೊಂದು ಕೆಲಸ. ಹೊಗೆಯಾಗಿ ಸಲ್ಲದ ಸಿಪ್ಪೆಯ ಒಳಗಿನ ತಿರುಳೇ ಹೊಗೆಗೆ ಅತ್ಯುತ್ತಮ ಸರಕಾಗಿರುವುದು ಒಂದು ವಿಚಿತ್ರ.

ಮಳೆಗಾಲದಲ್ಲಿ

ಇನ್ವರ್ಟರಿನ 8,000 ರೂಪಾಯಿ ಕೆಲವರಿಗೆ ಅನಾವಶ್ಯಕವೆಂದು ತೋರಬಹುದು. ಉರಿಯುತ್ತಿರುವ ಗ್ರಿಲ್ಲಿಗೆ ವಿದ್ಯುತ್ ತಪ್ಪಿದರೆ ಬ್ಲೋವರ್ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಅದು ಸ್ಕ್ರೂವಿನಲ್ಲಿರುವ ಪೆಲೆಟ್‌ಗಳ ಮೂಲಕ ನಿಧಾನವಾಗಿ ಹಾಪರಿನತ್ತ ಹಿಂದಕ್ಕೆ ತೆವಳಬಹುದು. ಬ್ಲೋವರ್ ಮತ್ತು ಸ್ಕ್ರೂ ಎರಡಕ್ಕೂ ಸೇರಿ ಬೇಕಾಗುವುದು ಒಂದು ಬಲ್ಬಿನಷ್ಟು ವಿದ್ಯುತ್ತು. ಯಂತ್ರವನ್ನು ಕ್ರಮವಾಗಿ ಆರಿಸಲು ಬೇಕಾದ ಹದಿನೈದು ನಿಮಿಷಗಳನ್ನು ಸಣ್ಣ ಇನ್ವರ್ಟರ್ ಒದಗಿಸುತ್ತದೆ. ಅಗ್ನಿ ವಿಮೆ ಇರುವವರು ಗ್ರಿಲ್ ಮತ್ತು ಪಕ್ಕದ ಅನಿಲದ ಒಲೆಯ ವಿವರ ಪಾಲಿಸಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಪೆಲೆಟ್‌ಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ಶೇ. 10ಕ್ಕಿಂತ ಕಡಿಮೆ ತೇವವಿರಬೇಕಾದ ಅದು ಆಷಾಢದ ಗಾಳಿಯಲ್ಲಿ ತೇವವನ್ನೆಳೆದು ಉಬ್ಬಿ, ಮತ್ತೆ ಮರದ ಹುಡಿಯಾಗುತ್ತದೆ. ಸ್ಕ್ರೂವಿನೊಳಗೆ ಉಬ್ಬಿದರೆ ಸಿಮೆಂಟಿನಂತೆ ಗಟ್ಟಿಯಾಗಿ ಮೋಟಾರನ್ನು ಸುಡುತ್ತದೆ. ಮೇ ಕೊನೆಗೆ ಉಳಿದ ದಾಸ್ತಾನನ್ನು ಬಿಗಿ ಮುಚ್ಚಳದ ಡ್ರಮ್ಮುಗಳಿಗೆ ತುಂಬಿಸಬೇಕು. ಹಾಪರನ್ನು ಖಾಲಿ ಮಾಡಿ, ಸ್ಕ್ರೂವನ್ನು ಬಿಡಿಸಿ ಒರೆಸಿ, ಬೆಂಕಿಯ ಬಟ್ಟಲಿನ ಬೂದಿ ತೆಗೆದು, ಬೀಡಿನ ಕಾವಲಿಗೆ ಎಣ್ಣೆ ಸವರಿಡಬೇಕು. ಗ್ಯಾಸ್ಕೆಟ್ ಬದಲಿಸುವುದಿದ್ದರೆ ದೋಣಿಗಳು ದಡದಲ್ಲಿರುವ ಆ 61 ದಿನಗಳೇ ತಕ್ಕ ಸಮಯ. ಫ್ಯಾಬ್ರಿಕೇಟರುಗಳಿಗೂ ಆಗ ಬಿಡುವಿರುತ್ತದೆ.